ಸೈಟು ಕೂತರೆ ಸಾಲದು, ಗುರಿಯೂ ಕೂರಬೇಕು

ಒಂಟಿನಳಿಗೆ ಕೋವಿಗೆ ಹಿಂದಿನ ಸೈಟು ಕೂರಿಸುವ ಕೆಲಸ ನಮ್ಮ ಕಡೆ ಹೆಚ್ಚಾಗಿ ಅರ್ಧಕ್ಕೇ ನಿಂತುಬಿಡುತ್ತದೆ. ಗೇರುಸೊಪ್ಪೆ, ಹಾಡವಳ್ಳಿ, ಸಂತೆಗುಳಿ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿ ಮೇಲೆ ಇಟ್ಟುಕೊಂಡ 12 ಬೋರಿನ ಕೋವಿಗೆ ಕಾರ್ಖಾನೆಯಿಂದ ಬರುವುದು ನಳಿಗೆಯ ತುದಿಯ ಒಂದು ಹಿತ್ತಾಳೆ ಮಣಿ ಮಾತ್ರ. ಚರೆ ತೋಟೆಗೆ ಅಷ್ಟು ಸಾಕು. ಚೋಕ್ (ತುದಿಯ ಕಿರಿದು) ಇಲ್ಲದ ನಳಿಗೆಯಿಂದ ಹೊರಟ ಚರೆ 36 ಮೀಟರಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಮೀಟರ್ ಅಗಲಕ್ಕೆ ಚೆದುರುತ್ತದೆ. ಅಲ್ಲಿ ಹಿಂದಿನ ಸೈಟಿನ ಕೆಲಸವನ್ನು ಕಣ್ಣೇ ಮಾಡುತ್ತದೆ. ಒಂಟಿ ಗುಂಡಿನ ತೋಟೆ ಹಾಕಿದಾಗ, ಅಥವಾ ಕೋವಿಯೇ ರೈಫಲ್ ಆಗಿದ್ದಾಗ, ಈ ಲೆಕ್ಕ ನಡೆಯುವುದಿಲ್ಲ. ಕೆನ್ನೆ ಹಿಡಿಯ ಮೇಲೆ ಒಂದಿಷ್ಟು ಮೇಲೆ ಕೂತರೂ ಗುಂಡು ಬೇರೆ ಕಡೆ ಹೋಗುತ್ತದೆ. ಆಗ ಹಿಂದಿನ ಸೈಟು ಬೇಕೇಬೇಕು.

1972ರ ವನ್ಯಜೀವಿ ಕಾಯ್ದೆಯಡಿ ಈಗ ಬೇಟೆಯ ಮಾತೇ ಇಲ್ಲ. ಬೆಳೆ ರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿ ಕೊಲ್ಲಲು ಅನುಮತಿ ಸಿಕ್ಕಂತಲ್ಲ. ಈಡು ಹೊಡೆದು ಹಂದಿ, ಮಂಗ ಓಡಿಸುವುದೇ ಈ ಕೋವಿಯ ದಿನನಿತ್ಯದ ಕೆಲಸ. ಹಾಗಾದರೆ ಸೈಟು ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ತೋಟಗಳಿರುವುದು ಕಿರಿದಾದ ಕಣಿವೆಗಳಲ್ಲಿ. ಈ ದರೆಯಿಂದ ಆ ದರೆಗೆ ನಡುವೆ ಕೆಲಸದವರ ಮನೆ, ಹಳ್ಳ, ಕಾಲುದಾರಿ ಎಲ್ಲ ಇರುತ್ತವೆ. ಗುಂಡು ಎಲ್ಲಿ ಬೀಳುತ್ತದೆಂದು ಯಜಮಾನನಿಗೇ ಗೊತ್ತಿಲ್ಲದ ಕೋವಿ ಇಂಥ ಜಾಗದಲ್ಲಿ ಇರಲೇಬಾರದು.

ಕೆಲಸ ಕೆಡುವುದು ಬಹುಪಾಲು ಮುಂದಿನ ಮಣಿಯ ಎತ್ತರದಲ್ಲಿ. ಈಡು ಹಾರುವಾಗ ಗುಂಡು ಹೊರಬೀಳುವ ಮೊದಲೇ ನಳಿಗೆ ತುಸು ಮೇಲೇಳುತ್ತದೆ. ಆದ್ದರಿಂದ ಎರಡೂ ಸೈಟನ್ನು ನಳಿಗೆಯ ನೇರಕ್ಕೆ ಕೂರಿಸಿದರೆ ಏಟು ಬಯಸಿದ್ದಕ್ಕಿಂತ ಮೇಲೆ ಬೀಳಬಹುದು. ಮುಂದಿನ ಮಣಿ ಎತ್ತರವಾದಷ್ಟೂ ಏಟು ಕೆಳಗೆ. ಕೆಲಸ ಬಲ್ಲವನು ಮಣಿಯನ್ನು ಬೇಕೆಂದೇ ಎತ್ತರ ಬಿಟ್ಟಿರುತ್ತಾನೆ, ಆಮೇಲೆ ಕಾಗದಕ್ಕೆ ಹೊಡೆದು ನೋಡುತ್ತ ಅರದಿಂದ ಉಜ್ಜುತ್ತಾನೆ. ಎರಡು ಸೈಟುಗಳ ನಡುವಿನ ಅಂತರ 60 ಸೆಂಟಿಮೀಟರ್ ಇದ್ದು, 30 ಮೀಟರಿನಲ್ಲಿ ಏಟು 15 ಸೆಂಟಿಮೀಟರ್ ಕೆಳಗೆ ಬಿದ್ದರೆ ಉಜ್ಜಬೇಕಾದದ್ದು 3 ಮಿಲಿಮೀಟರ್. ಅರ್ಧ ಮಿಲಿಮೀಟರ್ ಹೆಚ್ಚು ಹೋದರೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ. ಉಜ್ಜಿದ್ದನ್ನು ಮತ್ತೆ ಸೇರಿಸಲಾಗದು. ಮೊದಲೇ ನುಣ್ಣಗೆ ಉಜ್ಜಿ ಚೆಂದ ಮಾಡಿಕೊಟ್ಟ ಮಣಿಯನ್ನು ಕಂಡರೆ ನನಗೆ ಅನುಮಾನ.

ಮಣಿಯ ಮುಖವನ್ನೂ ನೋಡಬೇಕು. ಗುಂಡಗಿನ ಹಿತ್ತಾಳೆ ಮಣಿಗೆ ಬೆಳಗಿನ ಓರೆ ಬಿಸಿಲು ಎಡದಿಂದ ಬಿದ್ದರೆ ಎಡಭಾಗ ಮಾತ್ರ ಹೊಳೆಯುತ್ತದೆ. ಕಣ್ಣು ಆ ಹೊಳಪನ್ನೇ ಮಣಿಯ ಮಧ್ಯವೆಂದು ತಿಳಿದು ಗುರಿ ಹಿಡಿದಾಗ ಏಟು ಬಲಕ್ಕೆ ಸರಿಯುತ್ತದೆ. ನೋಡುವವನ ಕಡೆಯ ಮುಖವನ್ನು ಚಪ್ಪಟೆ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಕಪ್ಪು ಮಣಿ ಕಾಣುವುದೇ ಇಲ್ಲ. ಬಿಳಿ ಚುಕ್ಕೆ ವಾಸಿ. ಹಿಂದಿನ ಸೈಟಿನ ಕಚ್ಚು ಅಗಲವಾಗಿರಲಿ, ಮಣಿಯ ಎರಡೂ ಬದಿಗೆ ಬೆಳಕು ಕಾಣಬೇಕು. ನಲವತ್ತೈದು ದಾಟಿದವರಿಗೆ ಹತ್ತಿರದ ಕಚ್ಚು ಮಂಜಾಗುವುದರಿಂದ ಅದನ್ನು ಇನ್ನಷ್ಟು ಮುಂದಕ್ಕೆ ಕೂರಿಸುವುದು ಒಳ್ಳೆಯದು. ಸೈಟುಗಳ ಅಂತರ ಕಡಿಮೆಯಾಗಿ ನಿಖರತೆ ಸ್ವಲ್ಪ ತಗ್ಗುತ್ತದೆ. ಆದರೂ ಕಾಣದ ಕಚ್ಚಿಗಿಂತ ಅದೇ ಮೇಲು.

ಇನ್ನು ಕೂರಿಸುವ ಬಗೆ. ತೋಟೆ ಕೂರುವ ಕಡೆ ಒತ್ತಡ ಅತಿ ಹೆಚ್ಚು. ಅಲ್ಲಿ ಸ್ಕ್ರೂಗೆಂದು ಆಳ ತೂತು ಕೊರೆಯುವುದು ಜೀವದ ಜೊತೆ ಆಟ. ಹಿತ್ತಾಳೆ ಬೆಸುಗೆಯ ಕಾವು ಉಕ್ಕಿನ ಗುಣವನ್ನೇ ಕೆಡಿಸಬಹುದು. ತವರ–ಸೀಸದ ಮೆದು ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ, ಸೈಟಿಗೆ ಅಷ್ಟು ಹಿಡಿತ ಧಾರಾಳವಾಯಿತು. ಆದರೆ ಬೆಸುಗೆಗೆ ಹಾಕಿದ ಆಮ್ಲವನ್ನು ತೊಳೆಯದೆ ಬಿಟ್ಟರೆ ನಮ್ಮ ಉಪ್ಪುಗಾಳಿಗೂ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಗೂ ಸೈಟಿನ ಅಡಿಯಿಂದಲೇ ತುಕ್ಕು ಏಳುತ್ತದೆ. ಮೇಲಿನಿಂದ ಎಣ್ಣೆ ಒರೆಸಿ ಪ್ರಯೋಜನವಿಲ್ಲ.

ಇದನ್ನೆಲ್ಲ ಊರಿನ ಕುಲುಮೆಯಲ್ಲಿ ಮಾಡಿಸಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಮಾಡುವವನಿಗೂ ಪರವಾನಗಿ ಇರಬೇಕು. ಎಷ್ಟೇ ಕೈಚಳಕದ ಆಚಾರಿಯಾದರೂ ಆ ಕಾಗದವಿಲ್ಲದೆ ಅವನಿಗೆ ಕೋವಿ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತಾರೆ.

ಎಷ್ಟು ಚೆನ್ನಾಗಿ ಕೂತ ಸೈಟೂ ಎದುರಿಗಿರುವುದು ಏನೆಂದು ಹೇಳುವುದಿಲ್ಲ. ಹೊನ್ನಾವರದ ಮೇಲಿನ ಕಾಡು ಸಿಂಗಳೀಕದ ನೆಲೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದು ಆ ಕಾರಣಕ್ಕೇ. ಮಬ್ಬಿನಲ್ಲಿ ಕೊಂಬೆ ಅಲುಗಿದ್ದನ್ನು ನೋಡಿ ಗುರಿ ಹಿಡಿಯುವವನಿಗೆ ಸೈಟು ಇರುವುದಕ್ಕಿಂತ ಇಲ್ಲದಿರುವುದೇ ಕ್ಷೇಮ.

ಕೋವಿ ಇರುವವರಲ್ಲಿ ನನ್ನದೊಂದು ವಿನಂತಿ. ಸೈಟು ಹಾಕಿಸುವುದಿದ್ದರೆ ಪರವಾನಗಿ ಇರುವ ಅಂಗಡಿಯಲ್ಲೇ ಹಾಕಿಸಿ, ರಸೀದಿ ಇಟ್ಟುಕೊಳ್ಳಿ. ನೀವು ಬಳಸುವ ತೋಟೆಯಲ್ಲೇ, ಅನುಮತಿ ಇರುವ ರೇಂಜಿನಲ್ಲಿ ಕಾಗದಕ್ಕೆ ಹೊಡೆಸಿ ನೋಡದ ಹೊರತು ಕೆಲಸ ಮುಗಿಯಿತೆಂದು ಹಣ ಕೊಡಬೇಡಿ.