ವಾಣಿಜ್ಯ ಶಿಕ್ಷಣದಲ್ಲಿ ಸುಸ್ಥಿರತೆಯ ಬೋಧನೆ: ದಂಡುಪ್ರದೇಶದ ನೀರಿನ ಲೆಕ್ಕದಿಂದ ಒಂದು ವಿಮರ್ಶೆ

ವಾಣಿಜ್ಯ ಹಾಗೂ ವ್ಯವಹಾರ ನಿರ್ವಹಣಶಾಸ್ತ್ರದ ತರಗತಿಗಳಲ್ಲಿ 'ಸುಸ್ಥಿರತೆ' ಎಂಬ ಮಾತು ಈಚಿನ ವರ್ಷಗಳಲ್ಲಿ ಪ್ರತಿಷ್ಠಿತ ಸ್ಥಾನವನ್ನು ಪಡೆದಿರುವುದು ಅಧ್ಯಾಪಕವರ್ಗಕ್ಕೆ ವಿದಿತವಾದ ಸಂಗತಿ. 1987ರ ಬ್ರುಂಟ್‌ಲ್ಯಾಂಡ್ ಆಯೋಗದ ನಿರೂಪಣೆಯಿಂದ ಪಾಠವು ಮೊದಲಾಗುತ್ತದೆ. 1994ರಲ್ಲಿ ಜಾನ್ ಎಲ್ಕಿಂಗ್‌ಟನ್ನರು ಪ್ರಚುರಪಡಿಸಿದ 'ಟ್ರಿಪಲ್ ಬಾಟಮ್ ಲೈನ್', ಎಂದರೆ ಲಾಭ, ಜನ, ಭೂಮಿ ಎಂಬ ಮೂರು ಬಾಬುಗಳ ಲೆಕ್ಕ, ಅನಂತರ ಬರುತ್ತದೆ. ಒಂದು ಕಾರ್ಖಾನೆಯ ತ್ಯಾಜ್ಯವನ್ನು ಮತ್ತೊಂದು ಬಳಸಿಕೊಳ್ಳುವ ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಪಟ್ಟಣದ ಉದಾಹರಣೆಯೊಡನೆ ಪಾಠವು ಮುಗಿಯುತ್ತದೆ. ಎಲ್ಕಿಂಗ್‌ಟನ್ನರೇ 2018ರಲ್ಲಿ ತಮ್ಮ ಸೂತ್ರವನ್ನು ಹಿಂದಕ್ಕೆ ಪಡೆದು ಪುನರಾಲೋಚಿಸಬೇಕೆಂದು ಬರೆದರು. ವ್ಯವಸ್ಥೆಯನ್ನು ಬದಲಿಸಲೆಂದು ಹುಟ್ಟಿದ ಕಲ್ಪನೆ ಬರಿಯ ಲೆಕ್ಕಪತ್ರದ ಸಲಕರಣೆಯಾಯಿತೆಂಬುದು ಅವರ ಅಳಲು. ತರಗತಿಗಳಲ್ಲಿ ಸೂತ್ರವು ಕೇಳಿಬರುವಷ್ಟು ಸಲ ಈ ಅಳಲು ಕೇಳಿಬರುವುದನ್ನು ನಾವು ಕಂಡಿಲ್ಲ.

ಇತಿಹಾಸವನ್ನು ಬೋಧಿಸುವವರು ಅನ್ಯರ ಹೊಲದಲ್ಲಿ ಕಾಲಿಡುವುದೇಕೆಂದು ಕೆಲವರು ಕೇಳಬಹುದು. ನಮ್ಮ ಆಕ್ಷೇಪವು ಮೂಲತಃ ಇತಿಹಾಸಕ್ಕೆ ಸಂಬಂಧಪಟ್ಟುದೇ ಆಗಿದೆ. ಸಂಸ್ಥೆಯ ಕಾಂಪೌಂಡಿನೊಳಗೆ ನಡೆಯುವುದಷ್ಟೇ ಅದರ ಕಾರ್ಯಾಚರಣೆ ಎಂದು ವಿದ್ಯಾರ್ಥಿಯು ಭಾವಿಸುವಂತೆ ಪಾಠವು ರಚಿತವಾಗಿದೆ. ಆ ಪಾಠದಲ್ಲಿ ನೀರು ನಲ್ಲಿಯಲ್ಲಿ ಹುಟ್ಟುತ್ತದೆ, ಮೋರಿಯಲ್ಲಿ ಮುಗಿಯುತ್ತದೆ.

ದಂಡುಪ್ರದೇಶದ ಚರಿತ್ರೆಯಾದರೋ ಬೇರೆಯದನ್ನೇ ಹೇಳುತ್ತದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡನ್ನು ನೆಲೆಗೊಳಿಸಿದಾಗ ಹಲಸೂರಿನ ಕೆರೆ ಸಮೀಪದಲ್ಲೇ ಇದ್ದಿತು. ಜನ ಬೆಳೆದಂತೆ ಅದು ಸಾಲದಾಯಿತು. 1882ರಲ್ಲಿ ಸ್ಯಾಂಕಿ ಕೆರೆ, 1896ರಲ್ಲಿ ಅರ್ಕಾವತಿಯ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ: ಪ್ರತಿಯೊಂದು ಹೆಜ್ಜೆಯೂ ಹಿಂದಿನ ಆಕರಕ್ಕಿಂತ ದೂರದ ಆಕರವೊಂದನ್ನು ಹಿಡಿಯಿತು. ಇಂದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ನೀರನ್ನೆತ್ತಿ ತರಲಾಗುತ್ತಿದೆ. ದೂರದ ನೀರು ಬಂದಂತೆಲ್ಲ ಹತ್ತಿರದ ಕೆರೆಯನ್ನು ಕಾಯುವ ಅಗತ್ಯವು ಜನರ ಮನಸ್ಸಿನಿಂದ ಜಾರಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು.

ಬಳಸಿದ ಮೇಲೆ ನೀರು ಎಲ್ಲಿಗೆ ಹೋಗುತ್ತದೆಂಬುದು ಇನ್ನೂ ಬೋಧಪ್ರದವಾದುದು. ಇಂದಿರಾನಗರದ ಉಪಾಹಾರ ಮಂದಿರವೊಂದರ ಅಡಿಗೆಮನೆಯ ನೀರು ಕಾವೇರಿಯ ಕಣಿವೆಯದು. ಚರಂಡಿಗಿಳಿದೊಡನೆ ಅದು ಚಲ್ಲಘಟ್ಟದ ಕಣಿವೆಯನ್ನು ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಬೆಳ್ಳಂದೂರಿನಲ್ಲಿ 2015ರಲ್ಲಿ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಮತ್ತೆ ಹತ್ತಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2017ರಲ್ಲಿ ಕೆರೆಯ ಸುತ್ತಣ ಕಾರ್ಖಾನೆಗಳನ್ನು ಮುಚ್ಚಿಸಲು ಆಜ್ಞಾಪಿಸಿತು. ಆದರೆ ಕೆರೆಗೆ ಬರುತ್ತಿದ್ದುದರಲ್ಲಿ ಬಹುಪಾಲು ಊರಿನ ಕೊಳಚೆಯೇ. 2018ರಿಂದ ಕೋರಮಂಗಲ-ಚಲ್ಲಘಟ್ಟ ಯೋಜನೆಯಂತೆ, ಎರಡನೆಯ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಯೋಜಿತ ಪ್ರಮಾಣ ದಿನಕ್ಕೆ 44 ಕೋಟಿ ಲೀಟರು. ಬತ್ತಿದ ಕೆರೆಗಳು ತುಂಬಿದವೆಂದು ಸಂತೋಷಪಟ್ಟವರುಂಟು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಅಂತರ್ಜಲಕ್ಕೆ ಇಳಿಸುವುದು ತರವಲ್ಲವೆಂದು ನ್ಯಾಯಾಲಯಗಳ ಮೆಟ್ಟಿಲೇರಿದವರೂ ಉಂಟು. ಹೀಗೆ ಇಂದಿರಾನಗರದ ಒಂದು ಪಾತ್ರೆಯ ತೊಳೆತಕ್ಕೂ ಕೋಲಾರದ ರೈತನ ಬಾವಿಗೂ ಸಂಬಂಧವಿದೆ. ಯಾವ ಬಾಬಿನಲ್ಲಿ ಇದನ್ನು ಬರೆಯುವುದು?

ಕಾನೂನಿನ ನಮೂನೆಗಳು ಈ ಪ್ರಶ್ನೆಗೆ ಉತ್ತರ ಕೊಡಲಾರವು. ಷೇರುಪೇಟೆಯ ಮೊದಲ ಸಾವಿರ ಸಂಸ್ಥೆಗಳು 2022-23ರಿಂದ ಸೆಬಿಗೆ ಕಡ್ಡಾಯವಾಗಿ ಸಲ್ಲಿಸಬೇಕಾದ ವರದಿಯಲ್ಲಿ ನೀರಿನ ಮೂಲಗಳನ್ನು ವಿಂಗಡಿಸಿ ಹೇಳಬೇಕು: ಮೇಲ್ಮೈ ನೀರು, ಅಂತರ್ಜಲ, ಮೂರನೆಯವರಿಂದ ಪಡೆದ ನೀರು, ಇತ್ಯಾದಿ. ನಮೂನೆಯು ಸ್ವಾಗತಾರ್ಹವೇ. ಆದರೆ ಕೆ.ಆರ್. ಪುರದ ಆಚೆಯ ಕೊಳವೆಬಾವಿಯೊಂದರಿಂದ ಟ್ಯಾಂಕರಿನಲ್ಲಿ ಬಂದ ನೀರು 'ಮೂರನೆಯವರ ನೀರು' ಎಂಬ ಸಾಲಿಗೆ ಸೇರಿತೆಂದರೆ ಅಂತರ್ಜಲದ ಸಾಲು ನಿರ್ಮಲವಾಗಿ ಉಳಿಯುತ್ತದೆ! ಬರೆದವನು ಸುಳ್ಳು ಹೇಳಲಿಲ್ಲ. ಬಾವಿ ಮಾತ್ರ ಕಾಣೆಯಾಯಿತು. 2024ರ ಮಾರ್ಚಿನಲ್ಲಿ ನಗರದ ಪೂರ್ವಭಾಗದ ಕೊಳವೆಬಾವಿಗಳು ಬತ್ತಿ, ಸರ್ಕಾರವು ಟ್ಯಾಂಕರುಗಳ ದರವನ್ನು ನಿಗದಿಮಾಡಬೇಕಾಗಿ ಬಂದಾಗ ಆ ಬಾವಿಗಳ ಬೆಲೆ ಎಲ್ಲರಿಗೂ ತಿಳಿಯಿತು.

ಕಲುಂಡ್‌ಬೋರ್ಗನ್ನು ಪಠ್ಯದಿಂದ ತೆಗೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದರ ಪಕ್ಕದಲ್ಲಿ ಶಿವಾಜಿನಗರದ ಗುಜರಿ ಅಂಗಡಿಗಳನ್ನಿಟ್ಟು ನೋಡಲಿ. ಹಳೆಯ ವಾಹನಗಳ ಬಿಡಿಭಾಗಗಳು ಅಲ್ಲಿ ಮರುಬಳಕೆಗೆ ಸಿದ್ಧವಾಗುತ್ತವೆ. ಬೀದಿಗೆ ಸುರಿದ ಎಣ್ಣೆಯೂ ಕೆಲಸಗಾರನ ಬರಿಗೈಯೂ ಅದೇ ವ್ಯವಹಾರದ ಭಾಗಗಳು. ಈ ಎರಡನ್ನೂ ಒಟ್ಟಿಗೆ ನೋಡಿದ ವಿದ್ಯಾರ್ಥಿ ಹೊಗಳಿಕೆಯಲ್ಲಿಯೇ ನಿಲ್ಲಲಾರನು.

ನಾವು ಸೂಚಿಸುವ ಅಭ್ಯಾಸವು ಸರಳ. ವಿದ್ಯಾರ್ಥಿಯು ಒಂದು ಹೋಟೆಲನ್ನೋ ಬಟ್ಟೆ ಒಗೆಯುವ ಅಂಗಡಿಯನ್ನೋ ಆರಿಸಿಕೊಂಡು, ಅದರ ನೀರನ್ನು ಆಕರದಿಂದ ಕೊನೆಯ ಕೆರೆಯವರೆಗೆ ಹಿಂಬಾಲಿಸಿ, ಆಮೇಲೆ ಅದರ ಕಾರ್ಯಾಚರಣೆಯನ್ನು ಹೊಸದಾಗಿ ರೂಪಿಸಬೇಕು: ಎಷ್ಟು ನೀರು ಸಾಕು, ಯಾವ ಮಾರ್ಜಕ ಬೇಡ, ಶುದ್ಧೀಕರಣದ ಖರ್ಚನ್ನು ತಿಂಡಿಯ ಬೆಲೆಯಲ್ಲಿ ಎಷ್ಟು ಸೇರಿಸಬಹುದು ಎಂದು. ತೊಡಕುಗಳಿಲ್ಲದಿಲ್ಲ. ಒಂದು ಅರ್ಧವರ್ಷದ ಅವಧಿ ಇದಕ್ಕೆ ಕಡಮೆ. ಸಣ್ಣ ಅಂಗಡಿಯವರು ನೀರಿನ ಲೆಕ್ಕವನ್ನು ಬರೆದಿಡುವುದಿಲ್ಲ, ಇಟ್ಟವರೂ ತೋರಿಸಲು ಹಿಂಜರಿಯುತ್ತಾರೆ. ಮಂಡಲಿಯ ಬಿಲ್ಲು, ಟ್ಯಾಂಕರಿನವನ ಚೀಟಿ, ದಿನಕ್ಕೆಷ್ಟು ತಟ್ಟೆ ತೊಳೆಯುತ್ತಾರೆಂಬ ಎಣಿಕೆ, ಇವುಗಳಿಂದಲೇ ಅಂದಾಜು ಕಟ್ಟಬೇಕಾಗುತ್ತದೆ. ಹರಿದ ಶಾಸನದ ಅಕ್ಷರಗಳನ್ನು ಕೂಡಿಸಿ ಓದುವ ನಮ್ಮ ಶಾಖೆಯವರು ಈ ಕೆಲಸದಲ್ಲಿ ವಾಣಿಜ್ಯದ ಅಧ್ಯಾಪಕರಿಗೆ ನೆರವಾಗಲು ಸಿದ್ಧರಿದ್ದಾರೆ.