ಹಳು ನುಗ್ಗಿದವನ ಕಡೆಯಿಂದ

ಕನ್ನಡದಲ್ಲಿ ಬೇಟೆಯ ಬರವಣಿಗೆ ಎಂದರೆ ಕೋವಿ ಹಿಡಿದವನ ಬರವಣಿಗೆ. ಹಳು ನುಗ್ಗಿ, ಮುಳ್ಳಿಗೆ ಮೈ ಕೊಟ್ಟು, ಕೂಗಿ ಕೂಗಿ ಮಿಗವನ್ನ ಕೋವಿಯ ಮುಂದಕ್ಕೆ ಅಟ್ಟಿದವನು ಕತೆಯಲ್ಲಿ ಬರೋದೇ ಇಲ್ಲ ಎನ್ನುವಂತಿಲ್ಲ, ಬರುತ್ತಾನೆ. ಆದರೆ ಈಡು ಹಾರಿದ ಮೇಲೆ ಕತೆ ಯಾರದ್ದು? ಈಗ ಇದಕ್ಕೊಂದು ಹೊಸ ಮಾತು ಸೇರಿಕೊಂಡಿದೆ: ಬೇಟೆಯೂ ಮೀನು ಹಿಡಿಯೋದೂ ಮನುಷ್ಯನನ್ನ ಪರಿಸರಕ್ಕೆ ಹತ್ತಿರ ಮಾಡುತ್ತವಂತೆ, ಹಳೇ ಷಿಕಾರಿಯೇ ಕಾಡಿಗೆ ಒಳ್ಳೇ ಕಾವಲುಗಾರನಂತೆ. ಮಾತು ಸುಳ್ಳಲ್ಲ. ಯಾರ ಬೇಟೆ, ಯಾವ ಷಿಕಾರಿ ಎಂದು ಕೇಳದೆ ಅದನ್ನ ಒಪ್ಪೋದು ಮಾತ್ರ ನನ್ನಿಂದಾಗದು.

ಕೆನೆತ್ ಆಂಡರ್ಸನ್‌ನನ್ನು ತೇಜಸ್ವಿ ಕನ್ನಡಕ್ಕೆ ತಂದರು. ಆ 'ಕಾಡಿನ ಕತೆಗಳು' ನಮ್ಮ ಹಾಸ್ಟೆಲಿನಲ್ಲಿ ರಟ್ಟು ಕಿತ್ತುಹೋಗುವ ತನಕ ಕೈಯಿಂದ ಕೈಗೆ ಓಡಾಡಿದ ಪುಸ್ತಕ. ಆಂಡರ್ಸನ್ ತನ್ನ 1954ರ ಇಂಗ್ಲಿಷ್ ಪುಸ್ತಕದಲ್ಲಿ ಬೈರ ಎಂಬ ಪೂಜಾರಿ ಬುಡಕಟ್ಟಿನವನಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಕಾಡು ಓದೋದರಲ್ಲಿ ಬೈರ ತನಗೆ ಗುರು ಎಂಬಷ್ಟು ಗೌರವ ಅದರಲ್ಲಿದೆ. ಆದರೂ ದೊರೆಯ ಕೈಲಿದ್ದದ್ದು ಲೈಸೆನ್ಸಿನ ರೈಫಲ್ಲು, ಆದ್ದರಿಂದ ಅವನು ಷಿಕಾರಿ. ಬೈರ ಹೊಟ್ಟೆಪಾಡಿಗೆ ಕಾಡಿಗಿಳಿದವನು, ಆದ್ದರಿಂದ ಸರ್ಕಾರದ ಲೆಕ್ಕದಲ್ಲಿ ಕಳ್ಳಬೇಟೆಗಾರ.

'ಕರ್ವಾಲೊ' (1980) ಇದನ್ನ ತಿರುವಿ ಹಾಕಿದ ಕಾದಂಬರಿ. ಹಾರುವ ಓತಿಯ ಸುಳಿವು ಕೊಡುವವನು ವಿಜ್ಞಾನಿಯಲ್ಲ, ಜೇನು ಹಿಡಿಯುವ ಮಂದಣ್ಣ. ಊರು ದಡ್ಡ ಅಂದವನಲ್ಲಿ ಕರ್ವಾಲೊ ಹುಟ್ಟು ನಿಸರ್ಗತಜ್ಞನನ್ನ ಕಾಣುತ್ತಾರೆ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಂಥವನಿಗೆ ಸಿಕ್ಕಿಲ್ಲ, ಒಪ್ಪಿದೆ. ಆದರೆ ಮಂದಣ್ಣನಿಗೆ ಬೇಕಾಗಿರೋದು ಏನು? ಒಂದು ಪ್ಯೂನ್ ಕೆಲಸ. ಕೆಲಸ ಆದರೆ ಮದುವೆ. ನಮ್ಮ ವಿಮರ್ಶಕರು ವಿಕಾಸವಾದ, ಕಾಲ, ಅನಂತ ಅಂತ ಬರೆದದ್ದೇ ಬರೆದದ್ದು. ಈ ಪ್ಯೂನ್ ಕೆಲಸ ಅವರಿಗೆ ಬರೀ ತಮಾಷೆಯಾಗಿ ಕಂಡಿತು. ಮನೆಗೆ ಮೊದಲ ಡಿಗ್ರಿ ತಂದು ಅರ್ಜಿ ಹಾಕುತ್ತ ಕೂತವರಿಗೆ ಅದು ತಮಾಷೆಯಲ್ಲ. ಕಾಡನ್ನ ಅಷ್ಟು ಬಲ್ಲವನಿಗೆ ಕಾಡು ಬದುಕು ಕೊಡದ ಹಾಗೆ ಮಾಡಿದವರು ಯಾರು ಅನ್ನುವ ಪ್ರಶ್ನೆ ಆ ಕಾದಂಬರಿಯಲ್ಲೇ ಬಿದ್ದಿದೆ, ಎತ್ತಿಕೊಂಡವರಿಲ್ಲ.

ನಮ್ಮಜ್ಜಿ ಗದ್ದೆ ಬದುವಿನಲ್ಲಿ ಏಡಿ ಹಿಡಿಯೋಳು. ಬಿಲಕ್ಕೆ ಕೈ ಹಾಕಿ ಎಳೆದು, ಮೊದಲು ಅಂಗಾತ ತಿರುಗಿಸಿ ನೋಡೋಳು. ಹೊಟ್ಟೆ ಕೆಳಗಿನ ಮುಚ್ಚಳದಲ್ಲಿ ಮರಿ ಕಚ್ಚಿಕೊಂಡಿದ್ದರೆ ವಾಪಸು ನೀರಿಗೆ. ಕರುಣೆಯಲ್ಲ ಅದು, ಮುಂದಿನ ವರ್ಷದ ಸಾರು. ಗದ್ದೆಗೆ ಗುಳಿಗೆ ಔಷಧಿ ಬೀಳೋಕೆ ಶುರುವಾದ ಮೇಲೆ ಬಿಲ ಖಾಲಿ ಅಂತ ಮೊದಲು ಗೊತ್ತಾದದ್ದೂ ಅವಳಿಗೇ. ಗದ್ದೆಯ ಯಜಮಾನನಿಗಲ್ಲ. ಅವನು ಬದುವಿನ ಮೇಲೆ ನಿಂತು ಭತ್ತ ನೋಡುತ್ತಿದ್ದ. ಸೊರಬ, ಸಾಗರದ ಕಡೆ ಕೆರೆಬೇಟೆ ಅಂತಾರೆ. ಬೇಸಿಗೆಯಲ್ಲಿ ಕೆರೆ ಇಳಿದಾಗ ಗೊತ್ತಾದ ಒಂದು ದಿನ ಊರೂರಿನ ಜನ ಬಿದಿರ ಕೂಣಿ ಹಿಡಿದು ಒಟ್ಟಿಗೇ ನೀರಿಗೆ ಬೀಳುತ್ತಾರೆ. ಕೂಣಿಯನ್ನ ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಬಿಟ್ಟು ಮೀನು ತಡಕಬೇಕು. ಆ ದಿನ ಬರುವವರೆಗೆ ಮೀನಿಗೆ ಬೆಳೆಯೋಕೆ ಬಿಡುವು. ಹೀಗಂತ ಬಡವರೆಲ್ಲ ಋಷಿಗಳು ಅನ್ನೋಕೆ ನಾನು ತಯಾರಿಲ್ಲ. ಹೊಳೆಗೆ ತೋಟೆ ಎಸೆದು ಮರಿಮೀನನ್ನೂ ಬಿಡದೆ ಕೊಲ್ಲುವವರು ನಮ್ಮಲ್ಲೂ ಇದ್ದಾರೆ. ನಾಳೆಯೂ ಅದೇ ನೀರಿಗೆ ಇಳಿಯಬೇಕಾದವನ ಲೆಕ್ಕವೇ ಬೇರೆ, ಪೇಟೆಯ ಗಿರಾಕಿಗೆ ತೂಕ ಹಾಕುವವನ ಲೆಕ್ಕವೇ ಬೇರೆ.

ಸರ್ಕಾರಕ್ಕೆ ಈ ವ್ಯತ್ಯಾಸ ಕಾಣಲಿಲ್ಲ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆ ಅಟ್ಟೋಕೆ ಕುರುಬರು ಬೇಕಾಗಿದ್ದರು. ಮಾರನೇ ವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮಹಾರಾಜರ ಬೇಟೆಯ ಕಾಡು ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅರಸರ ಬೇಟೆ ಚರಿತ್ರೆಯಾಯ್ತು, ಫೋಟೋ ಆಗಿ ಗೋಡೆ ಹತ್ತಿತು. ನಾಗರಹೊಳೆಯ ಜೇನುಕುರುಬರು ಹಾಡಿ ಬಿಟ್ಟು ಏಳಬೇಕಾಯ್ತು. 2006ರ ಅರಣ್ಯ ಹಕ್ಕು ಕಾಯ್ದೆ ನೋಡಿ: ನೀರಿನ ಮೀನಿನ ಮೇಲೆ ಸಮುದಾಯಕ್ಕೆ ಹಕ್ಕು ಕೊಡುತ್ತೆ, ಸಾಂಪ್ರದಾಯಿಕ ಬೇಟೆಯ ಹಕ್ಕನ್ನ ಹೆಸರು ಹಿಡಿದು ಹೊರಗಿಡುತ್ತೆ. ಉಳಿದಿರೋ ಪ್ರಾಣಿ ಎಷ್ಟು ಅಂತ ನೋಡಿದರೆ ಬೇಟೆ ನಿಲ್ಲಿಸಿದ್ದು ಸರಿಯೇ ಇರಬಹುದು. ನನ್ನ ತಕರಾರು ಬೇರೆ. ಬೇಟೆ ನಿಲ್ಲಿಸುವಾಗ ಆ ಬೇಟೆಯ ಒಳಗಿದ್ದ ತಿಳಿವಳಿಕೆಯನ್ನೂ ಅಪರಾಧ ಮಾಡಿಬಿಟ್ಟರು. ಕೋವಿ ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡವನು ಪರಿಸರವಾದಿಯಾದ. ಹಳು ನುಗ್ಗಿದವನಿಗೆ ಎತ್ತಿಕೊಳ್ಳೋಕೆ ಕ್ಯಾಮೆರಾ ಎಲ್ಲಿತ್ತು?

ನಮ್ಮವರ ಪದ್ಯಗಳ ಮೇಲೂ ನನಗೆ ಸಿಟ್ಟಿದೆ. ಬಂಡಾಯದ ಕಾವ್ಯ ಹಸಿವನ್ನ ಬೇಕಾದಷ್ಟು ಕೂಗಿತು. ಅದೇ ಹಸಿದವನಿಗೆ ಯಾವ ಮಳೆಗೆ ಮೀನು ಹತ್ತುತ್ತೆ, ಯಾವ ಹುತ್ತದಲ್ಲಿ ಉಡ ಇದೆ, ಯಾವ ತಿಂಗಳು ಯಾವುದನ್ನ ಮುಟ್ಟಬಾರದು ಅನ್ನೋದು ಗೊತ್ತಿತ್ತಲ್ಲ, ಅದು ಪದ್ಯಕ್ಕೆ ಬರಲೇ ಇಲ್ಲ. ಮೇಲ್ಜಾತಿಯವರು ನಮ್ಮನ್ನ ಕಾಡುಜನ ಅಂದಾರು ಎಂಬ ಅಳುಕಿಗೆ ಅದನ್ನ ಮುಚ್ಚಿಟ್ಟೆವೇನೋ. ಈಗ ಕೇಳಿ ಬರೆದುಕೊಳ್ಳೋಣ ಎಂದರೆ ಕೇಸಿನ ಭಯ ಅಡ್ಡ ನಿಂತಿದೆ. ಹೋದ ವರ್ಷ ಹಾಡಿಯೊಂದರಲ್ಲಿ ಒಬ್ಬ ಅಜ್ಜ ಮೊಲದ ಉರುಳು ಕಟ್ಟೋದನ್ನ ಕೈಸನ್ನೆಯಲ್ಲೇ ತೋರಿಸುತ್ತಿದ್ದ. ಮುಖದಲ್ಲಿ ಬೆಳಕು. ನಾನು ನೋಟ್‌ಬುಕ್ ತೆಗೆದದ್ದೇ ತಡ, ಕೈ ಮಡಚಿ ಮಡಿಲಲ್ಲಿಟ್ಟುಕೊಂಡ. "ಬರ್ಕೋಬ್ಯಾಡ ಕಣಪ್ಪ" ಅಂದ, ಎಲೆಅಡಿಕೆ ಕೇಳಿದ.