ನೀರು ನುಸುಳದ ಜಿಪ್

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನಾರ್ವೆ, ಐಸ್‌ಲ್ಯಾಂಡ್‌ಗಳ ಕೊರೆಯುವ ಕಡಲಿಗೆ ಇಳಿಯುವವರು ಒಳಗೆ ನೀರು ಬಿಡದ ಉಡುಪಾದ ಡ್ರೈಸೂಟ್ ತೊಡುತ್ತಾರೆ. ಆ ಉಡುಪಿನ ಪ್ರಾಣವಿರುವುದು ಒಂದು ಜಿಪ್ಪಿನಲ್ಲಿ.

ಗಿಡಿಯನ್ ಸುಂಡ್‌ಬ್ಯಾಕ್ 1917ರಲ್ಲಿ ಪೇಟೆಂಟ್ ಪಡೆದ ಸಾಮಾನ್ಯ ಜಿಪ್ ಬಟ್ಟೆಯನ್ನು ಕೂಡಿಸುತ್ತದೆ, ನೀರನ್ನು ತಡೆಯದು. ಡ್ರೈಸೂಟಿನ ಜಿಪ್ಪಿನ ಜಾಣ್ಮೆಯೇ ಬೇರೆ. ಹಿತ್ತಾಳೆ ಬಣ್ಣದ ಲೋಹದ ಹಲ್ಲುಗಳು ರಬ್ಬರ್ ಲೇಪದ ಎರಡು ಅಂಚುಗಳನ್ನು ಬಿಗಿದ ತುಟಿಗಳಂತೆ ಒತ್ತಿ ಹಿಡಿಯುತ್ತವೆ. ಒಂದೇ ಒಂದು ಹಲ್ಲು ಸೊಟ್ಟಗಾದರೂ, ಅಂಚು ಬಿರುಕು ಬಿಟ್ಟರೂ ನೀರು ದಾರಿ ಕಂಡುಕೊಳ್ಳುತ್ತದೆ. ಆಗ ತೇಪೆ ಹೆಚ್ಚು ದಿನ ಬಾಳದು. ಇಡೀ ಜಿಪ್ಪನ್ನೇ ಬದಲಿಸಬೇಕು.

ಈ ಕೆಲಸದ ಚೆಲುವಿರುವುದು ತಾಳ್ಮೆಯಲ್ಲಿ. ಹಳೆಯ ಜಿಪ್ಪಿನ ಜಾಗವನ್ನು ಗುರುತು ಹಾಕಿ, ಅಂಟನ್ನು ಹದವಾಗಿ ಬಿಸಿಮಾಡಿ, ಬಟ್ಟೆ ಹರಿಯದಂತೆ ಬಿಡಿಸಬೇಕು. ಮೇಲ್ಮೈ ಉಜ್ಜಿ ಶುಚಿಗೊಳಿಸಿ, ತೆಳುವಾಗಿ ಒಂದರ ಮೇಲೊಂದು ಪದರ ಅಂಟು ಸವರಿ, ಪ್ರತಿ ಪದರವೂ ಆರುವವರೆಗೆ ಕಾಯಬೇಕು. ಹೊಸ ಜಿಪ್ಪನ್ನು ಸುಕ್ಕಿಲ್ಲದೆ ಕೂರಿಸಿ ರೋಲರ್‌ನಿಂದ ಒತ್ತಬೇಕು. ಕೊನೆಗೆ ಕುತ್ತಿಗೆ, ಮಣಿಕಟ್ಟುಗಳ ಬಾಯಿ ಮುಚ್ಚಿ, ಗಾಳಿ ತುಂಬಿ, ಸೋಪಿನ ನೀರು ಹಚ್ಚುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಉಪಾಯವೇ ಇದು. ಗುಳ್ಳೆ ಏಳದಿದ್ದರೆ ಕೆಲಸ ಗೆದ್ದಿತು.

ಇಂಥ ಜಿಪ್ ನಿಮ್ಮಲ್ಲಿದ್ದರೆ ಮರಳು ತೊಳೆಯಿರಿ, ಹಲ್ಲುಗಳಿಗೆ ಮೇಣ ಸವರಿ, ಮಡಚದೆ ಇಡಿ. ದುರಸ್ತಿಗಾರನ ಶ್ರಮಕ್ಕೆ ಅದೇ ನಿಜವಾದ ಗೌರವ.